ಎರಡು ರಾತ್ರಿ ಇರುವುದಾದರೆ ಬನ್ನಿ

ದಸರೆಯ ಸೂಟಿ, ದೀಪಾವಳಿಯ ಸೂಟಿ, ಆಮೇಲೆ ಏಪ್ರಿಲ್-ಮೇ. ಈ ಮೂರು ಹಂಗಾಮಿನಲ್ಲಿ ನಾಸಿಕ್‌ನ ನಮ್ಮ ಮನೆಗೆ ಊರ ಕಡೆಯಿಂದ ಫೋನ್ ಬರುತ್ತದೆ. ಮಾತು ಪ್ರತಿಸಲವೂ ಅದೇ.

“ಕಾಕಾ, ನಾವು ಹದಿಮೂರು ಮಂದಿ ಇದ್ದೀವ್ರಿ. ರಾತ್ರಿ ಹನ್ನೊಂದು-ಹನ್ನೆರಡಕ್ಕ ಮುಟ್ಟತೀವಿ. ಮುಂಜಾನೆ ನಾಲ್ಕಕ್ಕ ಬಿಡತೀವಿ. ನೀವೇನು ತ್ರಾಸ ತಗೋಬ್ಯಾಡ್ರಿ. ಬಿಸಿನೀರು, ಒಂದೀಟು ಚಾ ಇದ್ದರ ಸಾಕು.”

ಮೂವತ್ತು ವರ್ಷ ಈ ಮಾತಿಗೆ “ಬರ್ರಿ, ಬರ್ರಿ” ಅಂದವನು ನಾನು. ಈಗ ಅನ್ನುವುದಿಲ್ಲ. ಒಂದು ನಿಯಮ ಮಾಡಿದ್ದೇನೆ. ಎರಡು ರಾತ್ರಿ ಇರುವವರಿಗೆ ನಮ್ಮ ಮನೆ ಇದೆ, ಹಾಸಿಗೆ ಇದೆ, ಜೋಳದ ರೊಟ್ಟಿ ಇದೆ, ಜೊತೆಗೆ ತಿರುಗಾಡಲು ನಾನೂ ಇದ್ದೇನೆ. ಒಂದು ರಾತ್ರಿಯವರು ದಯವಿಟ್ಟು ಲಾಡ್ಜ್ ನೋಡಿಕೊಳ್ಳಲಿ. ಈ ನಿಯಮದಿಂದ ನಮ್ಮ ಬಂಧುವರ್ಗದಲ್ಲಿ ನನ್ನ ಹೆಸರು ಕೆಟ್ಟಿದೆ. “ಅವನಿಗೆ ಮಹಾರಾಷ್ಟ್ರದ ನೀರು ಹತ್ತೇತಿ, ಸೊಕ್ಕು ಬಂದೇತಿ” ಅಂತ ಗದಗಿನಲ್ಲಿ ಮಾತಾಡಿಕೊಂಡದ್ದು ನನ್ನ ಕಿವಿಗೂ ಬಿದ್ದಿದೆ. ಹಾಗಾಗಿ ಈ ಜವಾಬು ಬರೆಯುತ್ತಿದ್ದೇನೆ. ನನ್ನಂತೆ ಹೊರನಾಡಿನಲ್ಲಿ ಮನೆ ಮಾಡಿಕೊಂಡ ಬಹಳ ಕನ್ನಡಿಗರ ಪರವಾಗಿಯೂ ಇದು ಇರಲಿ.

ಮೊದಲು ‘ಕವರ್’ ಎಂಬ ಶಬ್ದದ ಬಗ್ಗೆ. “ಈ ಟ್ರಿಪ್ಪಿನಾಗ ನಾಸಿಕ್ ಕವರ್ ಆತು, ಎಲ್ಲೋರಾ ಕವರ್ ಆತು.” ನಾನು ತಿಳಿದಂತೆ ಕವರ್ ಅಂದರೆ ಲಕೋಟೆ, ಇಲ್ಲವೇ ಕಿರಾಣಿ ಅಂಗಡಿಯ ಪ್ಲಾಸ್ಟಿಕ್ ಚೀಲ. ಊರನ್ನು ಚೀಲದೊಳಗೆ ಹಾಕಿ ಬಾಯಿ ಕಟ್ಟಿಬಿಟ್ಟರೆ ಒಳಗೇನಿದೆ ಅಂತ ಕಾಣುವುದಾದರೂ ಹೇಗೆ? ಈ ಮಂದಿ ಕವರ್ ಮಾಡುತ್ತಾರೆ, ನಿಜ. ಮುಚ್ಚಿಟ್ಟು ಹೋಗುತ್ತಾರೆ.

ಹೋದ ವರ್ಷ ಬಂದ ಒಂದು ತಂಡದ ಲೆಕ್ಕವನ್ನು ಕೂತು ತೆಗೆದೆ. ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಲೆಕ್ಕ ತಾಳೆ ನೋಡಿದವನ ಕೆಟ್ಟ ಚಟ. ಗದಗಿನಿಂದ ವಿಜಯಪುರ, ಸೊಲ್ಲಾಪುರ, ತುಳಜಾಪುರ. ಅಲ್ಲಿಂದ ಶನಿ ಶಿಂಗಣಾಪುರ, ಶಿರಡಿ. ಶಿರಡಿಯಿಂದ ನಾಸಿಕ್, ತ್ರ್ಯಂಬಕೇಶ್ವರ. ಅಲ್ಲಿಂದ ತಿರುಗಿ ಘೃಷ್ಣೇಶ್ವರ, ಎಲ್ಲೋರಾ, ಔರಂಗಾಬಾದಿನ ಬೀಬಿ ಕಾ ಮಕ್ಬರಾ. ಆಮೇಲೆ ಬೀಡ್ ಮೇಲಿಂದ ಮರಳಿ ಊರು. ನಾಲ್ಕು ದಿನ. ದಿನಕ್ಕೆ ಹದಿನಾರು ತಾಸು ಎಚ್ಚರವಿದ್ದರು ಅಂತ ಹಿಡಿದರೆ ಒಟ್ಟು 64 ತಾಸು. ಅದರಲ್ಲಿ ಗಾಡಿಯೊಳಗೆ ಕೂತದ್ದು 41. ದೇವಸ್ಥಾನಗಳ ಸಾಲಿನಲ್ಲಿ ನಿಂತದ್ದು 11. ಊಟ, ಚಹಾ, ಗಾಡಿಗೆ ಡೀಸೆಲ್, ಯಾರೋ ಮರೆತ ಚಪ್ಪಲಿ ಹುಡುಕಿದ್ದು ಎಲ್ಲ ಸೇರಿ 7. ಉಳಿದದ್ದು 5 ತಾಸು. ಅದರಲ್ಲೇ ದೇವರ ಮುಖ ನೋಡಬೇಕು, ಅದರಲ್ಲೇ ಕೈಲಾಸ ನೋಡಬೇಕು, ಅದರಲ್ಲೇ ಫೋಟೋ. 64ಕ್ಕೆ 5. ಇಷ್ಟು ಇಳುವರಿಯ ಯಾವ ಸಾಲದ ಅರ್ಜಿಯನ್ನೂ ನಾನು ಮಂಜೂರು ಮಾಡುತ್ತಿರಲಿಲ್ಲ.

ದಾರಿ ಸುಧಾರಿಸಿದರೆ ವ್ಯವಧಾನ ಹೆಚ್ಚುತ್ತದೆ ಎಂದುಕೊಂಡಿದ್ದೆ. ಸಮೃದ್ಧಿ ಮಹಾಮಾರ್ಗ ಬಂತು. 2022ರ ಡಿಸೆಂಬರಿನಲ್ಲಿ ನಾಗಪುರದಿಂದ ಶಿರಡಿವರೆಗೆ ತೆರೆಯಿತು, 2025ರ ಜೂನಿನಲ್ಲಿ ಮುಂಬೈ ಕಡೆಯವರೆಗೂ 701 ಕಿಲೋಮೀಟರು ಪೂರ್ತಿಯಾಯಿತು. ಶಿರಡಿಗೂ ಸಂಭಾಜಿನಗರಕ್ಕೂ ನಡುವೆ ತಾಸುಗಟ್ಟಲೆ ಉಳಿಯಿತು. ಉಳಿದ ತಾಸನ್ನು ನಮ್ಮವರು ಏನು ಮಾಡಿದರು? ಪಟ್ಟಿಗೆ ಇನ್ನೊಂದು ಕ್ಷೇತ್ರ ಸೇರಿಸಿದರು. ಉಳಿತಾಯ ಖಾತೆಗೆ ಬಂದ ಹಣವನ್ನು ಬಂದ ದಿನವೇ ತೆಗೆದುಬಿಟ್ಟರೆ ಅದನ್ನು ಉಳಿತಾಯ ಅಂತ ಯಾರು ಅಂದಾರು?

ಹೆಸರಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಾನು ನಾಸಿಕ್‌ಗೆ ಮೊದಲು ವರ್ಗವಾಗಿ ಬಂದದ್ದು 1991ರಲ್ಲಿ. 2004ರಿಂದ ನಾಲ್ಕು ವರ್ಷ ಔರಂಗಾಬಾದಿನಲ್ಲಿದ್ದೆ. ನಿವೃತ್ತಿಯಾದ ಮೇಲೆ ನಾಸಿಕ್‌ನಲ್ಲೇ ನಿಂತೆ. ಔರಂಗಾಬಾದಿಗೆ 2023ರಲ್ಲಿ ಛತ್ರಪತಿ ಸಂಭಾಜಿನಗರ ಎಂದು ಹೆಸರಾಯಿತು. 1610ರಲ್ಲಿ ಮಲಿಕ್ ಅಂಬರ್ ಕಟ್ಟಿದಾಗ ಅದು ಖಡಕಿ. 1653ರಲ್ಲಿ ಔರಂಗಾಬಾದ್ ಆಯಿತು. ಊರಿನ ಹೆಸರುಗಳು ಬದಲಾಗುವುದಕ್ಕೂ ಶತಮಾನ ಹಿಡಿದಿದೆ. ನಮ್ಮವರು ಆ ಊರನ್ನು ಮುಗಿಸುವುದು ಊಟಕ್ಕೆ ಮೊದಲು.

ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುವುದು ಎಲ್ಲೋರಾದಲ್ಲಿ. ಕೈಲಾಸದ ಮುಂದೆ ನಿಂತ ಕೂಡಲೆ ನಮ್ಮವರಿಗೆ ಎದೆ ಉಬ್ಬುತ್ತದೆ. “ಇದು ನಮ್ಮವರು ಮಾಡಿದ್ದು! ರಾಷ್ಟ್ರಕೂಟರು! ಕಾವೇರಿಯಿಂದ ಗೋದಾವರಿವರೆಗೆ ಕನ್ನಡನಾಡು!” ಖರೆ ಮಾತು. ಎಂಟನೇ ಶತಮಾನದ ಒಂದನೇ ಕೃಷ್ಣನ ಕಾಲದ ಕೆಲಸ ಅದು. ಅದೇ ವಂಶದ ಅಮೋಘವರ್ಷ ನೃಪತುಂಗನ ಆಸ್ಥಾನದಿಂದ ಬಂದ ‘ಕವಿರಾಜಮಾರ್ಗ’ ಕನ್ನಡನಾಡಿನ ಉತ್ತರದ ಎಲ್ಲೆಯನ್ನು ಗೋದಾವರಿಗೆ ಇಟ್ಟದ್ದೂ ಖರೆ. ಆದರೆ ಸ್ವಾಮಿ, ‘ನಮ್ಮದು’ ಅಂತ ಗಂಟಲು ಹರಿಯುವಂತೆ ಕೂಗಿದವರು ಅಲ್ಲಿ ಇದ್ದದ್ದು ನಲವತ್ತು ನಿಮಿಷ. ಗಡಿಯಾರ ನೋಡಿ ಹೇಳುತ್ತಿದ್ದೇನೆ. ಇಡೀ ಗುಡ್ಡವನ್ನು ಮೇಲಿನಿಂದ ಕೆಳಕ್ಕೆ ಕೊರೆಯುತ್ತ ಬಂದು, ಶಿಖರವನ್ನು ಮೊದಲು, ಪಾದವನ್ನು ಕೊನೆಗೆ ಮಾಡಿದ ಗುಡಿ ಅದು. ಕಲ್ಲು ಒಡೆದವರ ಕೈಗಳು ಅಲ್ಲಿ ವರ್ಷಗಟ್ಟಲೆ ಇದ್ದವು. ಅಲ್ಲಿ 34 ಗುಹೆಗಳಿವೆ: ಬೌದ್ಧರವು 12, ಹಿಂದೂಗಳವು 17, ಜೈನರವು 5. ನಮ್ಮವರು ನೋಡುವುದು ಒಂದೇ, ಹದಿನಾರನೆಯದು. ಪಕ್ಕದ ಹದಿನೈದನೆಯದರಲ್ಲಿ, ದಶಾವತಾರ ಗುಹೆಯಲ್ಲಿ, ರಾಷ್ಟ್ರಕೂಟ ದಂತಿದುರ್ಗನ ಶಾಸನವಿದೆ. ಅಷ್ಟು ಅಭಿಮಾನದವರು ಹತ್ತು ಹೆಜ್ಜೆ ಆ ಕಡೆ ಹೋಗಲಿಲ್ಲ. ರಾಷ್ಟ್ರಕೂಟರ ರಾಜಧಾನಿ ಮಳಖೇಡ ನಮ್ಮ ಕಲಬುರಗಿ ಜಿಲ್ಲೆಯಲ್ಲೇ ಇದೆ. ಅಲ್ಲಿಗೆ ಹೋಗಿ ಬಂದವರು ಎಷ್ಟು ಮಂದಿ ಅಂತ ಆ ಗಾಡಿಯಲ್ಲಿ ಕೇಳಿದೆ. ಒಂದೂ ಕೈ ಏಳಲಿಲ್ಲ.

ಇನ್ನೊಂದು ತಂಡ ಮಂಗಳವಾರ ಬಂತು. ಎಲ್ಲೋರಾಕ್ಕೆ ಮಂಗಳವಾರ ರಜೆ, ಅಜಂತಾಕ್ಕೆ ಸೋಮವಾರ. ಮೊದಲೇ ಹೇಳಿದ್ದೆ. “ನಡೀರಿ ಕಾಕಾ, ಏನರ ಮಾಡೂಣು” ಅಂದರು. ಹೋದರು, ಮುಚ್ಚಿದ ಗೇಟಿನ ಮುಂದೆ ಹದಿಮೂರೂ ಮಂದಿ ನಿಂತು ಫೋಟೋ ತೆಗೆಸಿಕೊಂಡರು, ಘೃಷ್ಣೇಶ್ವರನಿಗೆ ಕೈ ಮುಗಿದು ಹೊರಟರು. ಊರಿಗೆ ಹೋದ ಮೇಲೆ ಎಲ್ಲೋರಾ ನೋಡಿದ್ದೇವೆ ಅಂತಲೇ ಹೇಳಿಕೊಂಡರು. ನಾನು ಯೋಚನೆ ಮಾಡಿದೆ: ನಲವತ್ತು ನಿಮಿಷ ಒಳಗಿದ್ದವರಿಗೂ ಗೇಟಿನ ಮುಂದೆ ನಿಂತವರಿಗೂ ಫರಕು ಏನು?

ಅಜಂತಾದ ಕಥೆ ಇನ್ನೂ ಕಠಿಣ. ಸಂಭಾಜಿನಗರದಿಂದ ಅದು ಸುಮಾರು ನೂರು ಕಿಲೋಮೀಟರು. ಗಾಡಿಯನ್ನು ನಾಲ್ಕು ಕಿಲೋಮೀಟರು ಮೊದಲೇ ನಿಲ್ಲಿಸಿ ಅಲ್ಲಿಯ ಬಸ್ಸು ಹಿಡಿಯಬೇಕು. ಒಂದನೇ ಗುಹೆಯ ಒಳಗೆ ಹೊಕ್ಕಾಗ ಮೊದಲು ಏನೂ ಕಾಣುವುದಿಲ್ಲ, ಬರೇ ಕತ್ತಲು. ಸುಮ್ಮನೆ ನಿಂತರೆ, ಕಣ್ಣು ಹೊಂದಿಕೊಂಡ ಮೇಲೆ, ಗೋಡೆಯಿಂದ ಮೆಲ್ಲಗೆ ಪದ್ಮಪಾಣಿಯ ಬಾಗಿದ ಮುಖ ಮೂಡುತ್ತದೆ. ಕಣ್ಣು ಹೊಂದಿಕೊಳ್ಳುವುದು ಯಾವ ಟಿಕೆಟ್ಟಿಗೂ ಬೇಗ ಆಗುವುದಿಲ್ಲ. ನಮ್ಮವರ ಕಣ್ಣು ಹೊಂದುವಷ್ಟರಲ್ಲಿ ಅವರು ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿರುತ್ತಾರೆ. “ಎಲ್ಲಾ ಮಾಸೇತಿ ಕಾಕಾ, ಏನೂ ಉಳಿದಿಲ್ಲ” ಅನ್ನುತ್ತಾರೆ. ಮಾಸಿದ್ದು ಯಾವುದು ಅಂತ ನಾನು ಹೇಳಲು ಹೋಗುವುದಿಲ್ಲ.

ಬೀಬಿ ಕಾ ಮಕ್ಬರಾಕ್ಕೆ ನಮ್ಮವರು ಕೊಡುವುದು ಇಪ್ಪತ್ತು ನಿಮಿಷ ಮತ್ತು ಒಂದು ಮಾತು: “ಬಡವರ ತಾಜಮಹಲ್.” ಔರಂಗಜೇಬನ ಹೆಂಡತಿ ದಿಲ್ರಸ್ ಬಾನು ಬೇಗಮಳ ಸಮಾಧಿ ಅದು. ತಾಜ್ ಕಟ್ಟಿದ ಉಸ್ತಾದ್ ಅಹ್ಮದ್ ಲಾಹೋರಿಯ ಮಗ ಅತಾಉಲ್ಲಾ ಇದರ ಶಿಲ್ಪಿ. ಗುಮ್ಮಟ ಮತ್ತು ಕೆಳಗಿನ ಪಟ್ಟಿಯಷ್ಟೇ ಅಮೃತಶಿಲೆ. ನಡುವಿನದು ಕಲ್ಲಿನ ಮೇಲೆ ನಯವಾದ ಗಾರೆ. ಖರ್ಚು 6,68,203 ರೂಪಾಯಿ 7 ಆಣೆ ಅಂತ ಹಳೆಯ ಬರಹವೊಂದು ಲೆಕ್ಕ ಕೊಡುತ್ತದೆ. ಆ 7 ಆಣೆಯ ಮೇಲೆ ನನಗೆ ಬಲು ಪ್ರೀತಿ. ಅಪ್ಪ ಮಾಡಿದ ದೊಡ್ಡ ಕೆಲಸದ ನೆರಳಿನಲ್ಲಿ, ಕಡಿಮೆ ಬಜೆಟ್ಟಿನಲ್ಲಿ ಮಗ ಮಾಡಿದ ಕೆಲಸವನ್ನು ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಹುಲ್ಲಿನ ಮೇಲೆ ಕೂತು ನೋಡಬೇಕು. ಹೋಲಿಕೆ ಮಾಡುವುದು ಸಮಯ ಇಲ್ಲದವರ ಕೆಲಸ. ಒಂದು ಊರನ್ನು ನೋಡಲು ಪುರಸೊತ್ತಿಲ್ಲದಾಗ ಇನ್ನೊಂದು ಊರಿನ ಹೆಸರು ಹೇಳಿ ಮುಗಿಸುತ್ತೇವೆ.

ಇಷ್ಟು ಬೈದ ಮೇಲೆ ನನ್ನ ಖಾತೆಯನ್ನೂ ತೆರೆದು ತೋರಿಸಬೇಕು. ಇಲ್ಲದಿದ್ದರೆ ಅದು ಸುಳ್ಳು ತಾಳೆಪಟ್ಟಿ ಆದೀತು.

ನಾಸಿಕ್‌ಗೆ ಬಂದ ಮೊದಲ ಮೂರು ವರ್ಷ ನಾನು ಊರನ್ನೇ ನೋಡಲಿಲ್ಲ. ಮನೆ, ಬ್ಯಾಂಕು, ಮಾರ್ಕೆಟ್ಟು, ಸೂಟಿ ಬಂದರೆ ಗದಗು. ಮುಂಬೈ–ಆಗ್ರಾ ರಸ್ತೆಯ ಪಕ್ಕದ ಗುಡ್ಡದಲ್ಲಿ ಪಾಂಡವಲೇಣಿ ಅಂತ ಗುಹೆಗಳಿವೆ ಎಂದು ಗೊತ್ತಿತ್ತು. ಊರಿನಿಂದ ಏಳೆಂಟು ಕಿಲೋಮೀಟರು. ‘ಎಂದಾದರೂ ಹೋದರಾಯಿತು’ ಅಂತ ಮೂರು ವರ್ಷ ಕಳೆದವು. ಪೆನ್ಷನ್ ತೆಗೆಯಲು ಬರುತ್ತಿದ್ದ ಒಬ್ಬ ನಿವೃತ್ತ ಮಾಸ್ತರರು ಒಂದು ದಿನ ಕೌಂಟರಿನಲ್ಲೇ ನಿಂತು ಮರಾಠಿಯಲ್ಲಿ ಕೇಳಿದರು: “ಸಾಹೇಬ್, ನೀವು ಬ್ಯಾಂಕಿನವರು. ನಮ್ಮೂರಿನ ಹಳೇ ಫಿಕ್ಸೆಡ್ ಡಿಪಾಜಿಟ್ಟು ನೋಡಿದ್ದೀರೇನು?” ನನಗೆ ಅರ್ಥವಾಗಲಿಲ್ಲ. ಭಾನುವಾರ ಮುಂಜಾನೆ ಅವರೇ ನನ್ನನ್ನು ಗುಡ್ಡ ಹತ್ತಿಸಿದರು. ಇಪ್ಪತ್ತು ನಿಮಿಷದ ಏರು. 24 ಗುಹೆಗಳು. ಹತ್ತನೆಯದರ ಗೋಡೆಯ ಮೇಲೆ ಬ್ರಾಹ್ಮಿ ಲಿಪಿಯ ಸಾಲುಗಳು. ಮಾಸ್ತರರು ಬೆರಳು ಇಟ್ಟು ಅರ್ಥ ಹೇಳಿದರು.

ಕ್ಷತ್ರಪ ರಾಜ ನಹಪಾನನ ಅಳಿಯ ಉಷವದಾತ, ಸುಮಾರು ಹತ್ತೊಂಬತ್ತು ಶತಮಾನಗಳ ಹಿಂದೆ, ಈ ಗುಹೆಯನ್ನು ಭಿಕ್ಷು ಸಂಘಕ್ಕೆ ಕೊಟ್ಟ. ಜೊತೆಗೆ 3,000 ಕಾರ್ಷಾಪಣ ನಾಣ್ಯಗಳ ಶಾಶ್ವತ ಠೇವಣಿ. ಠೇವಣಿ ಇಟ್ಟದ್ದು ಗೋವರ್ಧನ ಎಂಬ ಊರಿನ ನೇಕಾರರ ಎರಡು ಶ್ರೇಣಿಗಳಲ್ಲಿ. ಒಂದರಲ್ಲಿ 2,000, ತಿಂಗಳಿಗೆ ನೂರಕ್ಕೆ ಒಂದು ಬಡ್ಡಿ. ಇನ್ನೊಂದರಲ್ಲಿ 1,000, ನೂರಕ್ಕೆ ಮುಕ್ಕಾಲು ಬಡ್ಡಿ. ಅಸಲು ಎಂದೂ ತೆಗೆಯಕೂಡದು, ಬಡ್ಡಿ ಮಾತ್ರ ಉಣ್ಣಬೇಕು. ಎರಡು ಸಾವಿರದ ಬಡ್ಡಿಯಿಂದ ಗುಹೆಯಲ್ಲಿ ಇರುವ ಇಪ್ಪತ್ತು ಭಿಕ್ಷುಗಳಿಗೆ ತಲಾ 12 ನಾಣ್ಯ, ಬಟ್ಟೆಗೆ. ನಾನು ಅಲ್ಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ. 2,000ಕ್ಕೆ ತಿಂಗಳಿಗೆ 20, ವರ್ಷಕ್ಕೆ 240. ಇಪ್ಪತ್ತು ಜನಕ್ಕೆ ಹನ್ನೆರಡರಂತೆ 240. ಪೈಸೆಗೆ ಪೈಸೆ ತಾಳೆ! ಊರ ಸಭೆಯಲ್ಲಿ ಸಾರಿ, ದಫ್ತರಿನಲ್ಲಿ ದಾಖಲು ಮಾಡಿಸಿದ್ದೂ ಅದೇ ಕಲ್ಲಿನ ಮೇಲಿದೆ. ಎಂ.ಕಾಂ. ಓದುವಾಗ ಬ್ಯಾಂಕಿಂಗ್ ಇತಿಹಾಸ ಅಂತ ಇಟಲಿಯ ಊರುಗಳ ಹೆಸರನ್ನು ಬಾಯಿಪಾಠ ಮಾಡಿದವನು ನಾನು. ನನ್ನ ಶಾಖೆಯಿಂದ ಅರ್ಧ ತಾಸಿನ ದಾರಿಯಲ್ಲಿ ಇದು ಇತ್ತು.

ಇಳಿಯುವಾಗ ಮಾಸ್ತರರು ಒಂದು ಮಾತು ಸೇರಿಸಿದರು. “ಆ ಹನ್ನೆರಡು ನಾಣ್ಯ ಎಲ್ಲರಿಗೂ ಅಲ್ಲ ಸಾಹೇಬ್. ವರ್ಷಾವಾಸ ಮಾಡಿದವರಿಗೆ ಮಾತ್ರ.” ವರ್ಷಾವಾಸ ಅಂದರೆ ಮಳೆಗಾಲದ ತಿಂಗಳುಗಳನ್ನು ತಿರುಗಾಡದೆ ಒಂದೇ ಕಡೆ ಕಳೆಯುವುದು. ವರ್ಷದ ಉಳಿದ ಕಾಲವೆಲ್ಲ ಊರೂರು ತಿರುಗುವುದೇ ಬೌದ್ಧ ಭಿಕ್ಷುವಿನ ಧರ್ಮ. ತಿರುಗಾಟವನ್ನೇ ಧರ್ಮವಾಗಿ ಉಳ್ಳವರಿಗೂ ಒಂದು ಕಡೆ ನಿಂತುಕೋ ಅಂತ ನೇಮ ಇತ್ತು, ಆ ನಿಲುಗಡೆಗೆ ಠೇವಣಿ ಇತ್ತು. ಹಾದು ಹೋದವನಿಗೆ ಬಡ್ಡಿ ಇಲ್ಲ. ಇದ್ದವನಿಗೆ ಮಾತ್ರ. ನನ್ನ ಎರಡು ರಾತ್ರಿಯ ನಿಯಮವನ್ನು ನಾನೇ ಹುಟ್ಟಿಸಿದ್ದು ಅಂತ ಊರವರು ತಿಳಿದಿದ್ದಾರೆ. ಅಲ್ಲ, ಅದರ ಮೂಲ ದಾಖಲೆ ಆ ಗೋಡೆಯ ಮೇಲಿದೆ.

ಈಗ ನನಗೆ ಎದುರಾಗುವ ವಾದಗಳಿಗೆ ಬರೋಣ. ಮೂರು ಇವೆ.

ಒಂದನೆಯದು: “ನಿಮಗೇನ್ರಿ, ರಿಟೈರ್ ಆಗೀರಿ. ನಮಗ ಸೂಟಿ ಸಿಗೂದಿಲ್ಲ.” ಒಪ್ಪಿದೆ. ನನಗೂ ಸಿಗುತ್ತಿರಲಿಲ್ಲ. ನಾನು ಹೆಚ್ಚು ದಿನ ಕೇಳುತ್ತಲೇ ಇಲ್ಲ. ಅವೇ ನಾಲ್ಕು ದಿನ ಇರಲಿ. ಎಂಟು ಊರಿನ ಬದಲು ಎರಡು ಊರು ಹಿಡಿಯಿರಿ.

ಎರಡನೆಯದು ದುಡ್ಡಿನದು. “ಎರಡು ರಾತ್ರಿ ಅಂದರ ಖರ್ಚು ಹೆಚ್ಚು.” ಇದು ತಪ್ಪು ಲೆಕ್ಕ. ನಿಮ್ಮ ಖರ್ಚಿನಲ್ಲಿ ದೊಡ್ಡದು ಗಾಡಿಯ ಕಿಲೋಮೀಟರು. ಗಾಡಿ ನಿಂತರೆ ಮೀಟರು ನಿಲ್ಲುತ್ತದೆ. ಗಾಡಿಯೇ ಬೇಡ ಅಂದರೂ ನಡೆಯುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್ಸು ಕೋಪರಗಾಂವ, ಮನಮಾಡ ಮೇಲೆಯೇ ಹೋಗುತ್ತದೆ. ನಾಸಿಕ್ ರೋಡಿನಿಂದ ಸಂಭಾಜಿನಗರಕ್ಕೆ ತಪೋವನ ಎಕ್ಸ್‌ಪ್ರೆಸ್ಸು ಇದೆ. ಊರೊಳಗೆ ರಿಕ್ಷಾ, ಬಸ್ಸು, ಕಾಲು. ನಮ್ಮ ಮನೆಯಲ್ಲಿ ಇದ್ದರೆ ಊಟ-ವಸತಿ ಹೇಗೂ ಪುಕ್ಕಟೆ.

ಮೂರನೆಯದು ಭಕ್ತಿ. ಇದಕ್ಕೆ ನಾನು ನಗುವುದಿಲ್ಲ. ಹರಕೆ ಹೊತ್ತವರು, ಮೊಣಕಾಲು ನೋವಿನ ಮುದುಕಿಯರು, ಸಾಯುವುದರೊಳಗೆ ಒಂದು ಸಲ ಜ್ಯೋತಿರ್ಲಿಂಗ ಎನ್ನುವವರು ಆ ಗಾಡಿಗಳಲ್ಲಿ ಇರುತ್ತಾರೆ. ಅವರ ಭಕ್ತಿ ದೊಡ್ಡದು. ಆದರೆ ಗಡಿಬಿಡಿ ಅವರದಲ್ಲ. ಅದು ಮುಂದಿನ ಸೀಟಿನಲ್ಲಿ ಮೊಬೈಲ್ ಹಿಡಿದು ಕೂತ ಮಗನದು, ಅಳಿಯನದು. ತ್ರ್ಯಂಬಕೇಶ್ವರದಲ್ಲಿ ಜ್ಞಾನೇಶ್ವರರ ಅಣ್ಣ ನಿವೃತ್ತಿನಾಥರ ಸಮಾಧಿ ಇದೆ. ಅಲ್ಲಿಂದ ಪ್ರತಿ ವರ್ಷ ಪಾಲಖಿ ಹೊರಟು ವಾರಗಟ್ಟಲೆ ನಡೆದು ಪಂಢರಪುರ ಮುಟ್ಟುತ್ತದೆ. ಆ ವಾರಕರಿಗಳಿಗಿಂತ ನಿಮ್ಮ ಭಕ್ತಿ ಹೆಚ್ಚೇ? ಅವರು ದಾರಿಯ ಊರುಗಳಲ್ಲಿ ತಂಗುತ್ತಾರೆ, ಉಣ್ಣುತ್ತಾರೆ, ಭಜನೆ ಮಾಡುತ್ತಾರೆ. ತ್ರ್ಯಂಬಕ, ನಾಸಿಕ್‌ಗಳ ತೀರ್ಥಪುರೋಹಿತರ ಮನೆಗಳಲ್ಲಿ ಯಾತ್ರಿಕರ ವಂಶಾವಳಿಯ ವಹಿಗಳಿವೆ. ತಲೆಮಾರುಗಳ ಹಿಂದೆ ಬಂದವರು ಹೆಸರು, ಊರು ಬರೆಸಿ ಹೋಗಿದ್ದಾರೆ. ಕೂತು ಕೇಳಿದರೆ, ಅದೃಷ್ಟವಿದ್ದರೆ, ನಿಮ್ಮ ಮುತ್ತಜ್ಜ ಬಂದಿದ್ದನೋ ಇಲ್ಲವೋ ತಿಳಿದೀತು. ವಹಿ ಹುಡುಕಲು ಅರ್ಧ ದಿನ ಬೇಕು. ನಿಮ್ಮ ಹತ್ತಿರ ಇರುವುದು ಹತ್ತು ನಿಮಿಷ.

ಹತ್ತು ನಿಮಿಷ ಅಂದಾಗ ಕಾಳಾರಾಮ ಮಂದಿರ ನೆನಪಾಗುತ್ತದೆ. ಪಂಚವಟಿಯಲ್ಲಿ ಎಲ್ಲರೂ ಹೋಗುವ ಗುಡಿ. ಚಪ್ಪಲಿ ಬಿಟ್ಟು ಒಳಗೆ, ಕೈ ಮುಗಿದು ಹೊರಗೆ. 1930ರ ಮಾರ್ಚ್ 2ರಂದು ಡಾ. ಅಂಬೇಡ್ಕರ್ ಅವರ ಮುಂದಾಳುತನದಲ್ಲಿ ಸಾವಿರಾರು ದಲಿತರು ಆ ಬಾಗಿಲಿಗೆ ಬಂದು ನಿಂತರು. ಬಾಗಿಲು ತೆರೆಯಲಿಲ್ಲ. ಸತ್ಯಾಗ್ರಹ ವರ್ಷಗಟ್ಟಲೆ ನಡೆಯಿತು. ಒಳಗೆ ಹೋಗಲೆಂದು ಜನ ವರ್ಷಗಟ್ಟಲೆ ನಿಂತ ಬಾಗಿಲು ಅದು. ಅದನ್ನು ದಾಟುವಾಗ ಒಂದು ಗಳಿಗೆ ಕಾಲು ತಡೆಯಬೇಕೋ ಬೇಡವೋ ನೀವೇ ಹೇಳಿ.

ಈಗ ಹೇಳಲು ಮನಸ್ಸಿಲ್ಲದ ಸಂಗತಿಯನ್ನು ಹೇಳುತ್ತೇನೆ. ನಿಯಮದ ನಿಜವಾದ ಕಾರಣ ಉಷವದಾತನಲ್ಲ, ನಮ್ಮಕ್ಕ.

1993ರ ಡಿಸೆಂಬರು. ಅಕ್ಕ ಮೊದಲ ಸಲ ನಾಸಿಕ್‌ಗೆ ಬಂದಳು. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ಬೇಗ ಹೋದದ್ದರಿಂದ ನನ್ನನ್ನು ಬೆಳೆಸಿದವಳು ಅವಳೇ. ಭಾವ ಬಿಟ್ಟು ಕೊಟ್ಟದ್ದು ಎರಡೇ ದಿನ. ನಾನು ಆಫೀಸರು; ಒಂದು ಹಾಳೆಯ ಮೇಲೆ ಟೈಮ್‌ಟೇಬಲ್ ಹಾಕಿದೆ. ಐದಕ್ಕೆ ಎದ್ದು ತ್ರ್ಯಂಬಕ, ಹನ್ನೊಂದಕ್ಕೆ ಪಂಚವಟಿ, ಹನ್ನೊಂದೂವರೆಗೆ ರಾಮಕುಂಡ, ಹನ್ನೆರಡಕ್ಕೆ ಊಟ, ಒಂದಕ್ಕೆ ಶಿರಡಿಗೆ. ರಾಮಕುಂಡದಲ್ಲಿ ಅಕ್ಕ ಮೆಟ್ಟಿಲ ಮೇಲೆ ಕೂತು ಗೋದಾವರಿಯಲ್ಲಿ ಕಾಲು ಬಿಟ್ಟಳು. ನಾನು ಗಡಿಯಾರ ನೋಡುತ್ತಿದ್ದೆ.

“ತಮ್ಮಾ, ಇಲ್ಲೇ ಒಂದೀಟು ಕೂಡೂಣೇನೋ?”

“ಶಿರಡಿ ತಪ್ಪತೈತಿ ಅಕ್ಕಾ. ಮುಂದಿನ ಸಲ ಬಂದಾಗ ಕೂಡೂಣು.”

ಎದ್ದಳು. ದಾರಿಯಲ್ಲಿ ಕೇಳಿದಳು: “ನೀ ಕಾಯಿಪಲ್ಯ ಎಲ್ಲಿ ತರತೀ? ನಿಮ್ಮ ಬ್ಯಾಂಕು ಎಲ್ಲೈತಿ?” ಬ್ಯಾಂಕು ನಾವು ಹಾದುಹೋದ ರಸ್ತೆಯಲ್ಲೇ ಇತ್ತು. ಗಾಡಿಯೊಳಗಿಂದ ಕೈ ಮಾಡಿ ತೋರಿಸಿದೆ. ಅವಳು ತಿರುಗಿ ನೋಡುವಷ್ಟರಲ್ಲಿ ಹಿಂದೆ ಹೋಗಿತ್ತು. ಮರುದಿನ ಮುಂಜಾನೆ ಅವಳನ್ನು ಗಾಡಿ ಹತ್ತಿಸಿದೆ. 1996ರಲ್ಲಿ ಅಕ್ಕ ತೀರಿಕೊಂಡಳು. ಮುಂದಿನ ಸಲ ಅನ್ನುವುದು ಬರಲಿಲ್ಲ.

ಅವಳು ದೇವರು ನೋಡಲು ಬಂದಿರಲಿಲ್ಲ. ತಮ್ಮ ಎಲ್ಲಿ ಇರುತ್ತಾನೆ, ಎಲ್ಲಿ ಕಾಯಿಪಲ್ಯ ಕೊಳ್ಳುತ್ತಾನೆ, ಸಂಜೆ ಎಲ್ಲಿ ಕೂರುತ್ತಾನೆ ಅಂತ ನೋಡಲು ಬಂದಿದ್ದಳು. ಇದು ನನಗೆ ಹೊಳೆಯಲು ವರ್ಷಗಳು ಬೇಕಾದವು. 2019ರಲ್ಲಿ ಇಂಗ್ಲೆಂಡಿನ ಮಗಳ ಮನೆಗೆ ಹೋದಾಗ ಅವಳು ನಮ್ಮಿಬ್ಬರನ್ನು ಸ್ಕಾಟ್ಲೆಂಡಿನ ಎಡಿನ್‌ಬರೊ ಊರಿಗೆ ಕರಕೊಂಡು ಹೋದಳು. ಮೂರು ರಾತ್ರಿ ಇದ್ದೆವು. ಕೋಟೆ ನೋಡಿದ್ದು ಒಂದು ದಿನ. ಉಳಿದ ಎರಡು ದಿನ ಕೋಟೆಯ ಕೆಳಗಿನ ತೋಟದಲ್ಲಿ ಬೆಂಚಿನ ಮೇಲೆ ಕೂತದ್ದು, ಮಧ್ಯಾಹ್ನ ಒಂದಕ್ಕೆ ಕೋಟೆಯ ತೋಪು ಹಾರಿದಾಗ ಬೆಚ್ಚಿದ್ದು, ಮತ್ತೆ ಕೂತದ್ದು. ಆ ಬೆಂಚುಗಳ ಮೇಲೆ ತೀರಿಕೊಂಡವರ ಹೆಸರಿನ ಚಿಕ್ಕ ಫಲಕಗಳಿದ್ದವು. ಇಂಥವರಿಗೆ ಈ ಜಾಗ ಇಷ್ಟವಾಗಿತ್ತು ಅಂತ. ಹೆಂಡತಿ ಓದಿ ಓದಿ ಹೇಳುತ್ತಿದ್ದಳು. ನಾನು ಸುಮ್ಮನೆ ಕೂತಿದ್ದೆ. ಸಮುದ್ರ ದಾಟಿ ಬಂದು, ಪರದೇಶದ ಬೆಂಚಿನ ಮೇಲೆ ಎರಡು ದಿನ ಕೂರಲು ನನಗೆ ಬಂತು. ರಾಮಕುಂಡದ ಮೆಟ್ಟಿಲ ಮೇಲೆ ಅಕ್ಕನ ಜೊತೆ ಹತ್ತು ನಿಮಿಷ ಕೂರಲು ಬರಲಿಲ್ಲ.

ಊರು ಬಿಟ್ಟು ಬಂದವರ ಒಂದು ದುಃಖವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾವು ಊರನ್ನು ಕಳೆದುಕೊಂಡದ್ದನ್ನು ಎಲ್ಲರೂ ಬರೆಯುತ್ತಾರೆ. ನಾವು ಬದುಕಿದ ಊರು ನಮ್ಮವರಿಗೆ ಗೊತ್ತೇ ಆಗಲಿಲ್ಲ ಎಂಬುದನ್ನು ಬರೆಯುವುದಿಲ್ಲ. ಗದಗಿನ ನಮ್ಮ ಮಂದಿಗೆ ನಾಸಿಕ್ ಅಂದರೆ ಶಿರಡಿ ಮತ್ತು ತ್ರ್ಯಂಬಕದ ನಡುವೆ ಬಿಸಿನೀರು ಸಿಗುವ ಜಾಗ. ನನ್ನ ಅರ್ಧ ಆಯುಷ್ಯ ಇಲ್ಲಿ ಕಳೆದಿದೆ. ಮಳೆಗಾಲದಲ್ಲಿ ಗಂಗಾಪುರ ಡ್ಯಾಮಿನಿಂದ ನೀರು ಬಿಟ್ಟಾಗ ರಾಮಕುಂಡದ ಹತ್ತಿರದ ದುತೋಂಡ್ಯಾ ಮಾರುತಿಯ ಸೊಂಟಕ್ಕೆ ಬಂತೋ, ಎದೆಗೆ ಬಂತೋ ಅಂತ ಊರೆಲ್ಲ ಕೇಳುತ್ತದೆ. ನಾಸಿಕ್‌ನವರ ಪ್ರವಾಹದ ಅಳತೆಗೋಲು ಆ ಮಾರುತಿ. ಈಗ ನಾನೂ ಹಾಗೇ ಕೇಳುತ್ತೇನೆ. ನೀವು ದೇವರ ಹುಂಡಿಗೆ ಹಾಕುವ ನೋಟುಗಳಲ್ಲಿ ಎಷ್ಟೋ 1928ರಿಂದ ನಡೆಯುತ್ತಿರುವ ನಾಸಿಕ್ ರೋಡಿನ ನೋಟು ಮುದ್ರಣಾಲಯದಿಂದ ಬಂದವು. ಕನ್ನಡಕ್ಕೆ ಎಂಟು ಜ್ಞಾನಪೀಠ ಅಂತ ಬೆರಳು ಎಣಿಸುವ ನೀವು, 1987ರ ಜ್ಞಾನಪೀಠ ಪಡೆದ ಕುಸುಮಾಗ್ರಜರು ಇದೇ ಊರಲ್ಲಿ ಬಾಳಿದರು ಅಂತ ಕೇಳಿದ್ದೀರಾ? ಅವರ ಹುಟ್ಟುಹಬ್ಬ ಫೆಬ್ರವರಿ 27ನ್ನು ಮರಾಠಿ ಭಾಷೆಯ ದಿನವೆಂದು ಆಚರಿಸುತ್ತಾರೆ. ಇವೆಲ್ಲ ನನ್ನ ಊರಿನ ಸಂಗತಿಗಳು. ತೋರಿಸಲು ಬಾಯಿ ತೆರೆಯುವಷ್ಟರಲ್ಲಿ ನಿಮ್ಮ ಡ್ರೈವರ್ ಹಾರ್ನ್ ಬಾರಿಸುತ್ತಾನೆ.

ಆದ್ದರಿಂದ ಹೀಗೆ ಬನ್ನಿ. ನಾಸಿಕ್‌ನಲ್ಲಿ ಎರಡು ರಾತ್ರಿ. ಮೊದಲ ದಿನ ಏಳಕ್ಕೆ ಎದ್ದರೆ ಸಾಕು. ಮಿಸಳ್ ತಿನ್ನೋಣ, ಖಾರಕ್ಕೆ ಮೂಗು ಸೋರಲಿ, ಮೊಸರು ಕೊಡಿಸುತ್ತೇನೆ. ಮಧ್ಯಾಹ್ನ ಮಲಗಿರಿ. ಸಂಜೆ ರಾಮಕುಂಡದ ಮೆಟ್ಟಿಲು, ದೀಪ ಹಚ್ಚುವವರೆಗೆ. ಎರಡನೆಯ ದಿನ ಪಾಂಡವಲೇಣಿ. ಲೆಕ್ಕ ನಾನು ಹೇಳುತ್ತೇನೆ. ತ್ರ್ಯಂಬಕ ಮೂವತ್ತು ಕಿಲೋಮೀಟರಿನೊಳಗೇ ಇದೆ, ಮಧ್ಯಾಹ್ನ ಬಸ್ಸಿನಲ್ಲಿ ಹೋಗಿ ಬರಬಹುದು, ದೇವರು ಎಲ್ಲೂ ಹೋಗುವುದಿಲ್ಲ. ಸಂಭಾಜಿನಗರದಲ್ಲಿ ಎರಡು ರಾತ್ರಿ. ಒಂದು ದಿನ ಪೂರ್ತಿ ಎಲ್ಲೋರಾ, ಬುತ್ತಿ ಕಟ್ಟಿಕೊಂಡು. ಇನ್ನೊಂದು ದಿನ ಊರೊಳಗೆ: 1612ರ ಭಡ್ಕಲ್ ದರವಾಜಾ, ಗುಡ್ಡದಿಂದ ನೆಲದೊಳಗಿನ ಕೊಳವೆಯಲ್ಲಿ ನೀರು ತಂದು ಬೀಸುವ ಕಲ್ಲು ತಿರುಗಿಸಿದ ಪನಚಕ್ಕಿ, ಅಲ್ಲಿಯ ಕೊಳದ ಪಕ್ಕದ ದೊಡ್ಡ ಆಲದ ಮರದ ನೆರಳು, ಸಂಜೆ ಮಕ್ಬರಾದ ಹುಲ್ಲು. ಅಜಂತಾ ಮುಂದಿನ ವರ್ಷಕ್ಕೆ ಇರಲಿ. ಇಡೀ ಒಂದು ದಿನ ಅದಕ್ಕೇ ಕೊಡಬಲ್ಲವರು ಈ ವರ್ಷವೂ ಹೋಗಬಹುದು.

2027ರಲ್ಲಿ ನಾಸಿಕ್‌ನಲ್ಲಿ ಸಿಂಹಸ್ಥ ಕುಂಭದ ಸ್ನಾನಗಳಿವೆ. 2015ರಲ್ಲಿ ಆದದ್ದು ನೋಡಿದ್ದೇನೆ. ಆಗ ಊರವರಿಗೇ ಕಾಲಿಡಲು ಜಾಗ ಇರುವುದಿಲ್ಲ. ಅದಕ್ಕೆ ಈಗಿಂದಲೇ ಫೋನ್‌ಗಳು ಶುರುವಾಗಿವೆ. ಅವರಿಗೂ ನನ್ನ ಉತ್ತರ ಇದೇ: ಕುಂಭಕ್ಕೆ 12 ವರ್ಷ ಕಾಯುವವರು ನದಿಯ ಹತ್ತಿರ ಎರಡು ರಾತ್ರಿ ಕಾಯಬಲ್ಲರು.

ಸೊಕ್ಕು ಅಂತ ಬೇಕಾದರೆ ಅನ್ನಿ. ನಮ್ಮ ಮನೆಯಲ್ಲಿ ಹಾಸಿಗೆಗಳು ಎಂಟು ಇವೆ, ಹದಿಮೂರು ಇಲ್ಲ. ಬರುವ ಮೊದಲು ಫೋನ್ ಮಾಡಿ. ಎಷ್ಟು ಮಂದಿ ಅಂತ ಆಮೇಲೆ ಹೇಳಿ, ಎಷ್ಟು ರಾತ್ರಿ ಅಂತ ಮೊದಲು ಹೇಳಿ.